ಎರಡು ಅಂತ ಬರಿ

ಎರಡು ವರ್ಷ ನನಗೆ ಇದ್ದದ್ದು ಒಂದೇ ಪ್ರಶ್ನೆ ಕೇಳುವ ಕೆಲಸ. "ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡೆಯೋಕೇ ಆಗದಷ್ಟು. ಈಗ ನಿಮ್ಮ ನೋವು ಎಷ್ಟು?" ಮೂಳೆ ವಾರ್ಡಿನಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡು ಮಲಗಿದವರ ಹತ್ತಿರ ನಾಲ್ಕು ಗಂಟೆಗೊಮ್ಮೆ ಹೋಗಿ ಇದನ್ನು ಕೇಳಬೇಕು, ಅವರು ಹೇಳಿದ ಅಂಕಿಯನ್ನು ಹಸಿರು ಹಾಳೆಯಲ್ಲಿ ಬರೆಯಬೇಕು. ಅದಕ್ಕೇ ವಾರ್ಡಿನವರೆಲ್ಲ ನನಗೆ ಅಂಕಿ ಸಿಸ್ಟರ್ ಅಂತ ಹೆಸರಿಟ್ಟಿದ್ದರು. ಒಬ್ಬ ಬಸ್ ಡ್ರೈವರ್ "ಹನ್ನೆರಡು" ಅಂದಿದ್ದ. "ಹತ್ತರ ಮೇಲೆ ಇಲ್ಲಣ್ಣ" ಅಂದರೆ, "ನಿಮ್ಮ ಹಾಳೆ ಚಿಕ್ಕದಾದ್ರೆ ನಾನೇನು ಮಾಡ್ಲಿ?" ಅಂತ ಜಗಳಕ್ಕೇ ಬಂದ. ಇನ್ನೊಬ್ಬ ಅಜ್ಜಿ ನನ್ನ ಕೈ ಹಿಡಿದು, "ಎಷ್ಟು ಅಂದ್ರೆ ಬೇಗ ಮನೆಗೆ ಕಳಿಸ್ತಾರೆ ಹೇಳು, ಅಷ್ಟೇ ಅಂತೀನಿ" ಅಂದಿದ್ದರು.

ಈ ಹಸಿರು ಹಾಳೆಯ ಹಿಂದೆ ಇಬ್ಬರು ಅರಿವಳಿಕೆ ಡಾಕ್ಟರ ವಾದ ಇತ್ತು.

ಒಬ್ಬರು ದೊಡ್ಡ ಡಾಕ್ಟರು. ಅರವತ್ತೆಂಟು ವಯಸ್ಸು. ನಿವೃತ್ತರಾದ ಮೇಲೂ ಆಸ್ಪತ್ರೆ ಅವರನ್ನು ಬಿಟ್ಟಿರಲಿಲ್ಲ, ಅವರೂ ಆಸ್ಪತ್ರೆಯನ್ನು ಬಿಟ್ಟಿರಲಿಲ್ಲ. ಇನ್ನೊಬ್ಬರು ಅವರ ಕೈಕೆಳಗೇ ಕಲಿತ ಚಿಕ್ಕ ಡಾಕ್ಟರಮ್ಮ. ಸೊಂಟದ ಆಪರೇಷನ್ ಆದವರಿಗೆ ನೋವು ಗೊತ್ತಾಗದಿರಲಿ ಅಂತ ತೊಡೆಸಂದಿಯ ನರದ ಪಕ್ಕಕ್ಕೆ ಸೂಜಿ ಹಾಕಿ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ಅಲ್ಲೇ ಕೂದಲಿನಷ್ಟು ತೆಳ್ಳಗಿನ ಒಂದು ನಳಿಕೆ ಇಟ್ಟು, ಎರಡು ದಿನ ಔಷಧಿ ಹನಿಹನಿಯಾಗಿ ಹೋಗುವ ಹಾಗೆ ಮಾಡುತ್ತಾರೆ. ಇದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಕಣ್ಣಿಗೆ ಕಾಣದ ಆ ನರವನ್ನು ಹುಡುಕುವುದು ಹೇಗೆ ಅನ್ನುವುದೇ ಜಗಳ.

ದೊಡ್ಡ ಡಾಕ್ಟರದು ಹಳೇ ದಾರಿ. ಸೂಜಿಯ ತುದಿಯಲ್ಲಿ ಚೂರೇ ಚೂರು ಕರೆಂಟ್ ಹರಿಸುವ, ಅಂಗೈ ಅಗಲದ ಒಂದು ಮಿಷನ್ ಇತ್ತು. ಸೂಜಿ ನರದ ಹತ್ತಿರ ಬಂದ ಕೂಡಲೇ ತೊಡೆಯ ಮಾಂಸ ಟಕ್ ಟಕ್ ಅಂತ ಎಗರಿ ಮಂಡಿಚಿಪ್ಪು ಕುಣಿಯುತ್ತಿತ್ತು. ವಾರ್ಡಿನಲ್ಲಿ ನಾವು ಅದನ್ನು ಕುಣಿಸೋ ಮಿಷನ್ ಅನ್ನುತ್ತಿದ್ದೆವು. ಚಿಕ್ಕ ಡಾಕ್ಟರಮ್ಮನದು ಸ್ಕ್ಯಾನ್. ಪರದೆಯ ಮೇಲೆ ರಕ್ತನಾಳ, ನರ, ಸೂಜಿ ಎಲ್ಲ ಕಾಣುತ್ತಿತ್ತು. ಅದು ಟಿವಿ ಮಿಷನ್.

"ಟಿವಿ ನೋಡ್ಕೊಂಡು ಚುಚ್ಚೋಕೆ ಡಾಕ್ಟರ್ ಯಾಕಮ್ಮ ಬೇಕು?" ಅಂತ ದೊಡ್ಡ ಡಾಕ್ಟರು ಕಾಲೆಳೆಯುತ್ತಿದ್ದರು.

"ಕತ್ತಲಲ್ಲಿ ತಡಕಾಡೋಕೂ ಡಾಕ್ಟರ್ ಬೇಡ ಸರ್" ಅಂತ ಅವಳು.

ತಮಾಷೆಯಾಗಿ ಶುರುವಾದದ್ದು ಒಂದು ದಿನ ಮೀಟಿಂಗಿನಲ್ಲಿ ಬೇರೆ ಬಣ್ಣ ತಾಳಿತು. ಆಡಳಿತದವರು ಯಾರೋ, ಹಳೇ ಮಿಷನ್ನು ಗುಜರಿಗೆ ಹಾಕೋಣ, ಅದನ್ನು ಹಿಡಿದುಕೊಂಡವರೂ ಇನ್ನು ವಿಶ್ರಾಂತಿ ತಗೊಳ್ಳಲಿ ಅಂದುಬಿಟ್ಟರು. ಎಲ್ಲರ ಮುಂದೆ. ದೊಡ್ಡ ಡಾಕ್ಟರು ಎದ್ದು ಹೋದರಂತೆ. ಮರುದಿನ ಚಿಕ್ಕ ಡಾಕ್ಟರಮ್ಮನೇ ಅವರ ಕೋಣೆಗೆ ಹೋಗಿ, "ಸರ್, ಬಾಯಿಮಾತು ಸಾಕು. ನೂರಿಪ್ಪತ್ತು ಪೇಷಂಟ್ ತಗೊಳ್ಳೋಣ. ಅರ್ಧ ಜನಕ್ಕೆ ನಿಮ್ಮ ದಾರಿ, ಅರ್ಧ ಜನಕ್ಕೆ ನನ್ನದು. ಯಾರಿಗೆ ಯಾವುದು ಅಂತ ಮುಚ್ಚಿದ ಲಕೋಟೆ ಹೇಳಲಿ. ನೋವಿನ ಅಂಕಿ ಏನು ಹೇಳುತ್ತೋ ಒಪ್ಕೊಳ್ಳೋಣ" ಅಂದಳು. ಅವರು ಒಪ್ಪಿದರು. ಅಂಕಿ ಬರೆಯಲು ನನ್ನನ್ನು ಹಾಕಿದರು. ನಿಯಮಗಳು ಕಟ್ಟುನಿಟ್ಟು. ಯಾರಿಗೆ ಯಾವ ಮಿಷನ್ ಅಂತ ನನಗೆ ಗೊತ್ತಾಗಬಾರದು. ಮುಗಿಯುವ ತನಕ ಡಾಕ್ಟರಿಬ್ಬರೂ ಹಸಿರು ಹಾಳೆಯ ಮೇಲೆ ಕಣ್ಣು ಹಾಯಿಸಬಾರದು. ಸೂಜಿ ಹಾಕಿದ ಗಳಿಗೆಯಿಂದ ನಲವತ್ತೆಂಟು ಗಂಟೆ ಲೆಕ್ಕ. ಆ ಹೊತ್ತಿನಲ್ಲಿ ಯಾರಾದರೂ ನೋವು ತಾಳದೆ ಮಾರ್ಫಿನ್ ಕೇಳಿದರೆ ಕೊಡಬೇಕು, ಕೊಟ್ಟದ್ದನ್ನೂ ಬರೆಯಬೇಕು.

ತೊಂಬತ್ತೇಳನೆಯ ಪೇಷಂಟ್ ದೊಡ್ಡ ಡಾಕ್ಟರ ಹೆಂಡತಿ.

ಅವರನ್ನು ನಾನು ಏಳು ವರ್ಷದವಳಿದ್ದಾಗಿಂದ ಬಲ್ಲೆ. ಮೂರನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಕಲಿಸಿದ್ದೇ ಅವರು. ಮೂವತ್ತಾರು ವರ್ಷ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು, ಊರಿಗೆಲ್ಲ ಲೆಕ್ಕದ ಟೀಚರ್. ಪಕ್ಕದವಳ ಸ್ಲೇಟ್ ನೋಡಿ ಸರಿ ಉತ್ತರ ಬರೆದವಳಿಗಿಂತ, ತಾನೇ ಮಾಡಿ ತಪ್ಪು ಉತ್ತರ ತಂದವಳಿಗೆ ಹೆಚ್ಚು ಬೆಲೆ ಕೊಡುತ್ತಿದ್ದರು. "ಉತ್ತರ ತಪ್ಪಾದ್ರೆ ತಿದ್ದಬಹುದು ಪುಟ್ಟಿ, ಸುಳ್ಳಾದ್ರೆ ಏನು ಮಾಡೋದು?" ಅನ್ನುತ್ತಿದ್ದರು. ಮಕ್ಕಳಿರಲಿಲ್ಲ. ಗಂಡ, ಹೆಂಡತಿ, ಮನೆ ತುಂಬ ಹಳೇ ಪುಸ್ತಕ. ಸಂಜೆ ಇಬ್ಬರೂ ವಾಕಿಂಗ್ ಹೋಗುವುದನ್ನು ನಾನು ಎಷ್ಟೋ ವರ್ಷ ನೋಡಿದ್ದೆ. ಟೀಚರ್ ಬಿರುಸು, ಗಂಡ ನಿಧಾನ. ಇವರು ಮುಂದೆ ಹೋಗಿ ನಿಂತು, "ಬರ್ರೀ, ಬೆಳಗಾಗುತ್ತೆ" ಅಂತ ಕೂಗುತ್ತಿದ್ದರು. ಆಮೇಲೆ ಸೊಂಟ ಸವೆದು ಟೀಚರೇ ಹಿಂದೆ ಬಿದ್ದರು. ಆಮೇಲೆ ವಾಕಿಂಗೇ ನಿಂತಿತು.

ಅವರ ಎದೆಯಲ್ಲೂ ಸಣ್ಣ ತೊಂದರೆ ಇತ್ತು, ರಕ್ತನಾಳ ಸ್ವಲ್ಪ ಕಟ್ಟಿಕೊಂಡಿತ್ತು. ಮಾತ್ರೆಯಲ್ಲೇ ನಿಭಾಯಿಸಬಹುದು, ಆಪರೇಷನ್‌ಗೆ ಅಡ್ಡಿಯಿಲ್ಲ ಅಂತ ಹೃದಯದ ಡಾಕ್ಟರು ಬರೆದುಕೊಟ್ಟಿದ್ದರು. ಹೆಂಡತಿಯನ್ನು ಅಧ್ಯಯನಕ್ಕೆ ಸೇರಿಸುವುದು ದೊಡ್ಡ ಡಾಕ್ಟರಿಗೆ ಇಷ್ಟವಿರಲಿಲ್ಲ. ಟೀಚರೇ ಪಟ್ಟು ಹಿಡಿದರು. "ನೂರಿಪ್ಪತ್ತು ಜನ ಬೇಕು ಅಂತೀರಿ, ಮನೆಯೊಳಗೆ ಒಬ್ಬಳಿದೀನಿ, ನನ್ನ ಬಿಟ್ಟು ಊರೆಲ್ಲ ಹುಡುಕ್ತೀರಿ" ಅಂದರಂತೆ. ಕೊನೆಗೆ ಮನೆಯವರು ಅಂತ ದೊಡ್ಡ ಡಾಕ್ಟರನ್ನು ಆಪರೇಷನ್ ಕೋಣೆಯಿಂದ ಹೊರಗಿಟ್ಟು, ಚಿಕ್ಕ ಡಾಕ್ಟರಮ್ಮನೇ ಸೂಜಿ ಹಾಕುವುದು ಅಂತಾಯಿತು.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ಸೂಜಿ ಹಾಕಿದರು. ಲಕೋಟೆಯಲ್ಲಿ ಬಂದದ್ದು ಹಳೇ ಮಿಷನ್. ನನಗೆ ಅದು ಆಗ ಗೊತ್ತಿರಲಿಲ್ಲ. ಆದರೆ ಎಚ್ಚರವಿರುವ ಪೇಷಂಟಿಗೆ ತನ್ನ ತೊಡೆ ಕುಣಿದದ್ದು ಗೊತ್ತಾಗದೆ ಇರುತ್ತದಾ? ಅದರಲ್ಲೂ ನಲವತ್ತು ವರ್ಷ ಊಟದ ಹೊತ್ತಿಗೆ ಆ ಮಿಷನ್ನಿನ ಕಥೆ ಕೇಳಿದವರಿಗೆ?

ಆಪರೇಷನ್ ಚೆನ್ನಾಗಿ ಆಯಿತು. ಮಧ್ಯಾಹ್ನ ಎರಡಕ್ಕೆ ನಾನು ಕೇಳಿದಾಗ ಟೀಚರ್ ಮುಖದಲ್ಲಿ ಕಳೆ ಇತ್ತು. "ಒಂದು" ಅಂದರು. "ಸೊನ್ನೆ ಅನ್ನಬಹುದಿತ್ತು. ಆದ್ರೆ ಸೊನ್ನೆ ಅಂದ್ರೆ ನೀನು ನಂಬಲ್ಲ." ನಾವಿಬ್ಬರೂ ನಕ್ಕೆವು. ನನ್ನ ಡ್ಯೂಟಿ ಮುಗಿಯಿತು, ಮನೆಗೆ ಹೋದೆ.

ಸಂಜೆ ಐದರ ಸುಮಾರಿಗೆ ಹಾಸಿಗೆಯ ಬಟ್ಟೆ ಬದಲಾಯಿಸಲು ಅವರನ್ನು ಒಂದು ಮಗ್ಗುಲಿಗೆ ತಿರುಗಿಸಿದರಂತೆ. ದಿನವೂ ಎಲ್ಲರಿಗೂ ಮಾಡುವ ಕೆಲಸ ಅದು.

ಬುಧವಾರ ಬೆಳಗ್ಗೆ ಏಳಕ್ಕೆ ಬಂದು ಹಾಳೆ ನೋಡಿದೆ. ಸಂಜೆ ಆರಕ್ಕೆ ಎರಡು. ರಾತ್ರಿ ಎರಡು. ಬೆಳಗಿನ ಜಾವವೂ ಎರಡು. ಮಾರ್ಫಿನ್ ಬೇಡ ಅಂದಿದ್ದಾರೆ. ನಾಡಿ ಮಾತ್ರ ನೂರನಾಲ್ಕು. ನಾನು ಕಾಟಿನ ಹತ್ತಿರ ಹೋದೆ. ಟೀಚರ್ ಕಣ್ಣು ಮುಚ್ಚಿಕೊಂಡಿದ್ದರು, ಆದರೆ ಅದು ನಿದ್ದೆಯಾಗಿರಲಿಲ್ಲ. ಮೇಲ್ತುಟಿಯ ಮೇಲೆ ಬೆವರಿನ ಹನಿ.

"ಟೀಚರ್, ನೋವು ಎಷ್ಟು?"

"ಎರಡು."

"ನಾಡಿ ಓಡ್ತಿದೆಯಲ್ಲ?"

"ವಯಸ್ಸಾದವಳನ್ನ ಗರಗಸದಲ್ಲಿ ಕೊಯ್ದಿದೀರಿ, ನಾಡಿ ಓಡದೆ ಕೂತ್ಕೊಳ್ಳುತ್ತಾ?"

ಚಿಕ್ಕ ಡಾಕ್ಟರಮ್ಮನನ್ನು ಕರೆಸಿದೆ. ಅವಳು ಆಪರೇಷನ್ ಗಾಯ ನೋಡಿದಳು, ರಕ್ತ ಪರೀಕ್ಷೆಗೆ ಕಳಿಸಿದಳು, ನೀರಿನ ಬಾಟಲಿ ಹಾಕಿಸಿದಳು. ರಕ್ತ ಸ್ವಲ್ಪ ಕಡಿಮೆ ಇತ್ತು, ಅದೇ ಕಾರಣ ಇರಬೇಕು ಅಂದುಕೊಂಡಳು. ಅಂಕಿಯನ್ನು ಅವಳು ನೋಡುವಂತಿಲ್ಲ. "ಅಮ್ಮ, ತುಂಬ ನೋವಿದ್ರೆ ಹೇಳಿ, ಮುಚ್ಚಿಡಬೇಡಿ" ಅಂತಷ್ಟೇ ಕೇಳಿದಳು. "ಇಲ್ಲಮ್ಮ, ಹಾಯಾಗಿದೀನಿ" ಅಂತ ಟೀಚರ್ ಅವಳ ಕೆನ್ನೆ ತಟ್ಟಿದರು. ಹಾಯಾಗಿದ್ದೇನೆ ಅಂದವರ ನಳಿಕೆಯ ಪಟ್ಟಿಯನ್ನು ಯಾರು ಬಿಚ್ಚಿ ನೋಡುತ್ತಾರೆ?

ದೊಡ್ಡ ಡಾಕ್ಟರು ಬೆಳಗ್ಗೆಯಿಂದ ಹಾಸಿಗೆಯ ಪಕ್ಕವೇ ಇದ್ದರು. ಆವತ್ತು ಅವರು ಡಾಕ್ಟರಲ್ಲ, ಬರೀ ಗಂಡ. ಹಸಿರು ಹಾಳೆ ಕಾಟಿನ ತುದಿಯಲ್ಲೇ ತೂಗುತ್ತಿತ್ತು. ಕಣ್ಣು ತಪ್ಪಿಯೂ ಅದರ ಮೇಲೆ ಬೀಳಬಾರದು ಅಂತ ಅವರು ಸ್ಟೂಲನ್ನು ತಲೆಯ ಕಡೆಗೆ ಎಳೆದುಕೊಂಡು, ಅದಕ್ಕೆ ಬೆನ್ನು ಮಾಡಿ ಕೂತಿದ್ದರು. ನೋವಿನ ವಿಷಯ ಕೇಳಲೇ ಇಲ್ಲ, ಕೇಳಿದರೆ ನಿಯಮ ಮುರಿದ ಹಾಗಾಗುತ್ತದಲ್ಲ. ಇಬ್ಬರೂ ಅಡುಗೆಮನೆಯ ಸೋರುವ ನಲ್ಲಿಯ ಬಗ್ಗೆ ಮಾತಾಡುತ್ತಿದ್ದರು.

"ಪ್ಲಂಬರ್ ಬಂದಿದ್ನಾ?"

"ಬಂದಿದ್ದ. ವಾಷರ್ ಹೋಗಿದೆಯಂತೆ."

"ಅವನು ಹೋದ ಸಲಾನೂ ಅದನ್ನೇ ಹೇಳಿದ್ದ. ನೀವು ಪಕ್ಕದಲ್ಲಿ ನಿಂತು ಮಾಡಿಸ್ರೀ. ಯಾಕೆ ಹಂಗೆ ನೋಡ್ತೀರಿ?"

"ನಿನ್ನ ಕೈ ಯಾಕೆ ಇಷ್ಟು ಒದ್ದೆ?"

"ಸೆಕೆ. ಫ್ಯಾನ್ ಜೋರು ಮಾಡಿ."

ಅವರು ಎದ್ದು ಫ್ಯಾನ್ ಜೋರು ಮಾಡಿದರು.

ಮಧ್ಯಾಹ್ನ ಎರಡಕ್ಕೆ ದೊಡ್ಡ ಡಾಕ್ಟರು ಊಟಕ್ಕೆ ಕ್ಯಾಂಟೀನಿಗೆ ಹೋಗಿದ್ದರು. ನಾನು ಪರದೆ ಎಳೆದು ಒಳಗೆ ಹೋದೆ. ಟೀಚರ್ ದಿಂಬಿನ ಮೂಲೆಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದರು. ನನ್ನನ್ನು ಕಂಡ ಕೂಡಲೇ ಬಿಟ್ಟರು. ದಿಂಬಿನ ಬಟ್ಟೆಯಲ್ಲಿ ಹಲ್ಲಿನ ಗುರುತು ಮೂಡಿತ್ತು.

"ಟೀಚರ್, ಇದೇನಿದು? ನಿಜ ಹೇಳಿ."

ದಿಂಬಿನ ಆ ಮೂಲೆಯನ್ನು ಕೆನ್ನೆಯ ಕೆಳಗೆ ತಳ್ಳಿದರು. ಆಮೇಲೆ, "ಪರದೆ ಸರಿಯಾಗಿ ಮುಚ್ಚಿದೀಯಾ?" ಅಂದರು.

"ಮುಚ್ಚಿದೆ."

"ಒಂಬತ್ತು."

"ಅಯ್ಯೋ! ಯಾವಾಗಿಂದ?"

"ನಿನ್ನೆ ಸಂಜೆಯಿಂದ. ಹಾಸಿಗೆ ಬಟ್ಟೆ ಬದಲಾಯಿಸಿದ್ರಲ್ಲ, ಆಮೇಲೆ ಶುರುವಾಯ್ತು. ಕಿರುಚಬೇಡ ಪುಟ್ಟಿ. ನೀನು ಎರಡು ಅಂತ ಬರಿ."

"ಅದ್ಹೇಗೆ ಬರೀಲಿ? ಈಗ್ಲೇ ಡಾಕ್ಟರನ್ನ ಕರೀತೀನಿ. ಮಾರ್ಫಿನ್ ಆದ್ರೂ ಕೊಡ್ತೀನಿ."

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಹಿಡಿತ ಈಗಲೂ ನನ್ನ ಕೈಯಲ್ಲಿದೆ. "ಕೇಳು. ನನಗೆ ಹಾಕಿರೋದು ಇವರ ಮಿಷನ್ನೇ. ತೊಡೆ ಕುಣೀತು, ನನಗೆ ಗೊತ್ತಾಯ್ತು. ಆವತ್ತು ಮೀಟಿಂಗ್ ಆಯ್ತಲ್ಲ, ಮನೆಗೆ ಬಂದು ಶೂ ಬಿಚ್ಚದೆ ಕತ್ತಲಾಗೋವರೆಗೂ ಕುರ್ಚೀಲಿ ಕೂತಿದ್ರು. ಊಟಕ್ಕೆ ಕರೆದ್ರೆ, 'ನನ್ನ ಗುಜರಿಗೆ ಹಾಕ್ತಾರಂತೆ ಕಣೇ' ಅಂದ್ರು. ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಬೇರೆ ಯಾರ ಕಾಲಾದ್ರೂ ಅವರನ್ನ ಸೋಲಿಸಲಿ. ನನ್ನ ಕಾಲು ಸೋಲಿಸಬಾರದು."

"ಒಬ್ಬರ ಅಂಕಿಯಿಂದ ಏನೂ ಆಗಲ್ಲ ಟೀಚರ್. ನೂರಿಪ್ಪತ್ತು ಜನ ಇದಾರೆ."

"ನೂರಿಪ್ಪತ್ತರಲ್ಲಿ ಒಂದು ಕಡಿಮೆಯಾದ್ರೆ ಎಷ್ಟು ಅಂತ ನಿನಗೆ ಹೇಳಿಕೊಟ್ಟವಳೇ ನಾನು" ಅಂದರು. ನಗಲು ನೋಡಿದರು, ಆಗಲಿಲ್ಲ. "ನಾಳೆ ಹತ್ತು ಗಂಟೆಗೆ ನಿಮ್ಮ ಲೆಕ್ಕ ಮುಗಿಯುತ್ತೆ ತಾನೇ? ಹತ್ತು ಗಂಟೆ ಒಂದು ನಿಮಿಷಕ್ಕೆ ನೀನು ಯಾವ ಇಂಜೆಕ್ಷನ್ ಕೊಟ್ರೂ ತಗೋತೀನಿ. ಇಷ್ಟು ಹೊತ್ತು ತಡ್ಕೊಂಡಿದೀನಿ, ಇನ್ನಿಪ್ಪತ್ತು ಗಂಟೆ ಏನು ಮಹಾ. ಬರಿ ಅಂದ್ರೆ ಬರಿ."

ನನಗೆ ಐವತ್ತೊಂದು ವರ್ಷ. ಇಪ್ಪತ್ತೇಳು ವರ್ಷ ಸರ್ವಿಸು. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದೇನು ಅಂತ ನನಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಚೆನ್ನಾಗಿ ಗೊತ್ತಿತ್ತು. ಆದರೆ ಬರಿ ಅಂದದ್ದು ಆ ದನಿ. ಆ ದನಿ ಬರಿ ಅಂದಾಗ ಬರೆಯುವುದನ್ನು ಈ ಕೈ ಏಳನೇ ವರ್ಷದಲ್ಲೇ ಕಲಿತಿತ್ತು. ಜೊತೆಗೆ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ದೊಡ್ಡ ಡಾಕ್ಟರು ಗೆಲ್ಲಲಿ ಅಂತ ನನ್ನ ಹೊಟ್ಟೆಯೊಳಗೂ ಆಸೆ ಇತ್ತು.

ಎರಡು ಅಂತ ಬರೆದೆ.

ಕಾಲ ಕೆಳಗಿನ ದಿಂಬು ಸರಿಮಾಡಿದೆ, ಐಸ್ ಚೀಲ ಇಟ್ಟೆ, ಮುಖ ಒರೆಸಿದೆ. "ಮರೀಬೇಡ, ಯಾರಿಗೂ ಹೇಳಬೇಡ" ಅಂದರು. ಮೂರಕ್ಕೆ ನನ್ನ ಡ್ಯೂಟಿ ಮುಗಿಯಿತು. ಹೊರಡುವಾಗ ದೊಡ್ಡ ಡಾಕ್ಟರು ಕಾರಿಡಾರಿನಲ್ಲಿ ಎದುರಾದರು. ಅವರ ಕೈಯಲ್ಲಿ ಹೆಂಡತಿಗೆ ಅಂತ ಎರಡು ಕಿತ್ತಳೆ ಹಣ್ಣು. "ಹೇಗಿದಾಳೆ ನಮ್ಮ ಹೆಡ್‌ಮಿಸ್ಟ್ರೆಸ್?" ಅಂದರು. "ಚೆನ್ನಾಗಿದಾರೆ ಸರ್" ಅಂದೆ. ಬಸ್ ಸ್ಟಾಪಿನ ತನಕ ಹೋದವಳು ಒಂದು ಸಲ ವಾಪಸ್ ತಿರುಗಿದೆ. ಗೇಟಿನ ಹತ್ತಿರ ಬಂದು ನಿಂತೆ. ಆಮೇಲೆ, ಮಾತು ಕೊಟ್ಟಿದ್ದೇನಲ್ಲ, ಬೆಳಗಾದರೆ ಹತ್ತು ಗಂಟೆ ಬಂದೇ ಬರುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ಮನೆಗೆ ಹೋದೆ.

ಗುರುವಾರ ನಾನು ಏಳಕ್ಕೆ ಹತ್ತು ನಿಮಿಷ ಮುಂಚೆಯೇ ವಾರ್ಡಿನಲ್ಲಿದ್ದೆ. ಟೀಚರ್ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಾಡಿ ನೂರಮೂವತ್ತು. "ಎಡಗೈ ಜೋಮು ಹಿಡಿದ ಹಾಗಿದೆ ಪುಟ್ಟಿ" ಅಂದರು. ಗಂಟೆ ಒತ್ತಿದೆ, ಕೂಗಿದೆ, ಎಲ್ಲರೂ ಓಡಿ ಬಂದರು. ಚಿಕ್ಕ ಡಾಕ್ಟರಮ್ಮ ಬ್ಯಾಗನ್ನು ನೆಲಕ್ಕೆ ಬಿಸಾಕಿ ಬಂದಳು. ಏಳೂವರೆಯ ತನಕ ಎದೆ ಒತ್ತಿದರು, ಶಾಕ್ ಕೊಟ್ಟರು. ನಾನು ಔಷಧಿ ತುಂಬಿ ತುಂಬಿ ಕೊಡುತ್ತಿದ್ದೆ. ಏನೂ ಉಪಯೋಗವಾಗಲಿಲ್ಲ.

ದೊಡ್ಡ ಡಾಕ್ಟರು ಮನೆಯಿಂದ ಒಗೆದ ನೈಟಿ, ಬಾಚಣಿಗೆ ತಗೊಂಡು ಎಂಟಕ್ಕೆ ಬಂದರು. ಕಾಟಿನ ಸುತ್ತ ಪರದೆ ಎಳೆದದ್ದನ್ನು ದೂರದಿಂದಲೇ ನೋಡಿದರು. ಅಷ್ಟು ವರ್ಷ ಆಸ್ಪತ್ರೆಯಲ್ಲಿ ಕಳೆದವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಹತ್ತಿರ ಬಂದು ಹೆಂಡತಿಯ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿ, ಬಾಚಣಿಗೆ ತೆಗೆದು ತಲೆ ಬಾಚಲು ಶುರುಮಾಡಿದರು. ನಮ್ಮಲ್ಲಿ ಯಾರಿಗೂ ಅವರನ್ನು ತಡೆಯುವ ಧೈರ್ಯ ಬರಲಿಲ್ಲ.

ಆಮೇಲೆ ಟೀಚರಿಗೆ ಮೈ ಒರೆಸಿ ಬಟ್ಟೆ ತೊಡಿಸುವಾಗ ತೊಡೆಸಂದಿಯ ಪಟ್ಟಿ ಬಿಚ್ಚಿದೆ. ಅದು ತೊಯ್ದು ತೊಪ್ಪೆಯಾಗಿತ್ತು. ನಳಿಕೆ ಎರಡು ಬೆರಳಷ್ಟು ಹೊರಗೆ ಸರಿದಿತ್ತು. ಮಂಗಳವಾರ ಸಂಜೆ ಮಗ್ಗುಲು ತಿರುಗಿಸಿದಾಗ ಜಾರಿರಬೇಕು. ಆಗಿನಿಂದ ಔಷಧಿಯೆಲ್ಲ ನರಕ್ಕೆ ಹೋಗದೆ ಹತ್ತಿಗೆ ಹೋಗಿತ್ತು. ಚಿಕ್ಕ ಡಾಕ್ಟರಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಆ ಒದ್ದೆ ಪಟ್ಟಿಯನ್ನು ನೋಡಿದಳು, ಹಸಿರು ಹಾಳೆ ನೋಡಿದಳು, ನನ್ನ ಮುಖ ನೋಡಿದಳು.

"ಎರಡು ಹೇಗೆ ಸಾಧ್ಯ ಸಿಸ್ಟರ್?" ಅಂದಳು.

ನಾನು ಎಲ್ಲ ಹೇಳಿದೆ. ಅವಳು ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತಳು. "ಹತ್ತು ನಿಮಿಷದ ಕೆಲಸ" ಅಂದಳು. "ಹೊಸ ನಳಿಕೆ ಹಾಕೋಕೆ ಹತ್ತು ನಿಮಿಷ. ಇದು ಮಿಷನ್ ತಪ್ಪೂ ಅಲ್ಲ, ಸ್ಕ್ಯಾನ್‌ನಲ್ಲಿ ಹಾಕಿದ್ರೂ ಜಾರ್ತಿತ್ತು. ಒಂಬತ್ತು ಅಂತ ಬರೆದಿದ್ರೂ ಸರ್ ಸೋಲ್ತಿರಲಿಲ್ಲ. ನಳಿಕೆ ಜಾರಿದೆ ಅಂತ ಪಕ್ಕದಲ್ಲಿ ಬರೀತಿದ್ವಿ, ಅಷ್ಟೇ." ಆಮೇಲೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೆ ಅಳುವೂ ಬರಲಿಲ್ಲ.

ಆವತ್ತೇ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟೆ. ವಿಚಾರಣೆ ನಡೆಯಿತು. ಹೃದಯದ ಡಾಕ್ಟರು, ಹೃದಯಾಘಾತ ನೋವಿನಿಂದಲೇ ಆಯಿತು ಅಂತ ಖಚಿತವಾಗಿ ಹೇಳಲಾಗದು, ನೋವಿಲ್ಲದೆಯೂ ಆಗಬಹುದಿತ್ತು ಅಂದರು. ನನಗೆ ಎಚ್ಚರಿಕೆಯ ಪತ್ರ ಕೊಟ್ಟು, ಅಧ್ಯಯನದಿಂದ ತೆಗೆದು, ಹೊರರೋಗಿಗಳ ವಿಭಾಗಕ್ಕೆ ಹಾಕಿದರು. ಇನ್ನೂ ದೊಡ್ಡ ಶಿಕ್ಷೆ ಕೊಟ್ಟಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನ್ನಿಸಿತು.

ದೊಡ್ಡ ಡಾಕ್ಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ವಿಚಾರಣೆಯ ವರದಿ ಅವರ ಕೈಗೆ ಹೋಗುವ ಮುಂಚೆ ನಾನೇ ಹೇಳುತ್ತೇನೆ ಅಂತ ಚಿಕ್ಕ ಡಾಕ್ಟರಮ್ಮನ ಹತ್ತಿರ ಕೇಳಿಕೊಂಡೆ. ಹದಿನಾರನೇ ದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅವರು ಅಡುಗೆಮನೆಯಲ್ಲಿ ಒಂದು ಲೋಟ ತೊಳೆಯುತ್ತಿದ್ದರು. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಒಂದರದು ಇನ್ನೊಂದಕ್ಕೆ ಬಿದ್ದಿತ್ತು.

"ಬಾಮ್ಮ, ಟೀ ಮಾಡ್ತೀನಿ, ಸಕ್ಕರೆ ಎಲ್ಲಿದೆ ಅಂತ ಮಾತ್ರ ಗೊತ್ತಿಲ್ಲ" ಅಂದರು.

"ಟೀ ಬೇಡ ಸರ್, ಕೂತ್ಕೊಳ್ಳಿ. ಒಂದು ವಿಷಯ ಹೇಳಬೇಕು."

ಹೇಳಿದೆ. ದಿಂಬಿನ ಮೇಲಿನ ಹಲ್ಲಿನ ಗುರುತಿನಿಂದ ಹಿಡಿದು ನಾನು ಗೇಟಿನ ತನಕ ಬಂದು ವಾಪಸ್ ಹೋದದ್ದರವರೆಗೆ ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವರು ಕೇಳಿದರು:

"ಎಷ್ಟು ಅಂದಳು?"

"ಒಂಬತ್ತು, ಸರ್."

"ಎಷ್ಟು ಹೊತ್ತು?"

"ಮೂವತ್ತೆಂಟು ಗಂಟೆ."

"ಮೂವತ್ತೆಂಟು ಗಂಟೆ" ಅಂದರು. "ಅದರಲ್ಲಿ ಅರ್ಧಕ್ಕೆ ಅರ್ಧ ನಾನು ಪಕ್ಕದಲ್ಲಿ ಕೂತಿದ್ದೆ. ಅವಳ ಕೈ ನನ್ನ ಕೈಯಲ್ಲಿತ್ತು. ಜೀವಮಾನವೆಲ್ಲ ಪೇಷಂಟ್ ಮುಖ ನೋಡಿದ್ರೆ ಸಾಕು ನೋವು ಎಷ್ಟಿದೆ ಅಂತ ಹೇಳ್ತೀನಿ ಅಂತ ಜಂಬ ಕೊಚ್ಚಿಕೊಂಡೆ. ಕೈ ಯಾಕೆ ಒದ್ದೆ ಅಂತ ಕೇಳಿದೆ. ಸೆಕೆ ಅಂದಳು. ಫ್ಯಾನ್ ಜೋರು ಮಾಡಿದೆ ನಾನು. ಫ್ಯಾನ್!"

ಎದ್ದು ಕಿಟಕಿಯ ಹತ್ತಿರ ಹೋದರು. ನನ್ನ ಕಡೆ ತಿರುಗದೆಯೇ ಮಾತಾಡಿದರು.

"ಯಾರ ದಾರಿ ಒಳ್ಳೇದು ಅಂತ ನನಗೆ ಆವಾಗ್ಲೇ ಗೊತ್ತಾಗಿತ್ತು ಕಣಮ್ಮ. ಐವತ್ತನೇ ಪೇಷಂಟ್ ಹೊತ್ತಿಗೇ. ಹಾಳೆ ನೋಡಿರಲಿಲ್ಲ, ಆದ್ರೆ ಆಪರೇಷನ್ ಕೋಣೆಯೊಳಗೆ ಕಣ್ಣಿತ್ತಲ್ಲ? ಚಿಕ್ಕ ಡಾಕ್ಟರಮ್ಮ ನಾಲ್ಕು ನಿಮಿಷದಲ್ಲಿ ಒಂದೇ ಸಲ ಚುಚ್ಚಿ ಮುಗಿಸ್ತಿದ್ದಳು. ನಾನು ಮೂರು ಸಲ, ನಾಲ್ಕು ಸಲ ಚುಚ್ಚಿ ಹುಡುಕ್ತಿದ್ದೆ. ನೋವು ಹೆಚ್ಚುಕಡಿಮೆ ಒಂದೇ ಥರ ಹೋಗ್ತಿತ್ತು, ಆದ್ರೆ ಅವಳದು ಒಳ್ಳೇ ದಾರಿ. ಮನಸ್ಸಿನಲ್ಲಿ ಒಪ್ಕೊಂಡುಬಿಟ್ಟಿದ್ದೆ. ನನಗೂ ಕಲಿಸಮ್ಮ ಅಂತ ಕೇಳೋಣ ಅಂತಿದ್ದೆ."

"ಟೀಚರಿಗೆ ಹೇಳಿರಲಿಲ್ವಾ ಸರ್?"

"ಹೇಗೆ ಹೇಳಲಿ? ಸಂಜೆ ಮನೆಗೆ ಬಂದ್ರೆ, 'ಇವತ್ತು ಯಾರು ಗೆದ್ರು?' ಅಂತ ಕೇಳೋಳು. 'ನಿನ್ನ ಗಂಡನೇ' ಅನ್ನೋನು ನಾನು. ಅವಳ ಮುಖ ಅರಳೋದು. ಆ ಮುಖ ನೋಡೋಕೆ ಅಂತ ದಿನಾ ಹೇಳಿದೆ." ಕಿಟಕಿಯ ಸರಳು ಹಿಡಿದುಕೊಂಡರು. "ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡ್ವಿ. ನನ್ನ ಸುಳ್ಳಿಗೆ ನನಗೇನೂ ಆಗಲಿಲ್ಲ. ಅವಳು ಹೋದಳು."

ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ದೊಡ್ಡವರು ಅಳುವುದನ್ನು ವಾರ್ಡಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. ಆದರೆ ಅದು ಬೇರೆ. ಮಗು ಬಿದ್ದಾಗ ಉಸಿರು ಕಟ್ಟಿ ಅಳುತ್ತದಲ್ಲ, ಹಾಗೆ ಅತ್ತರು. ನಾನು ನಡುಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಹೋಗಲೂ ಆಗಲಿಲ್ಲ, ಒಳಗೆ ಹೋಗಿ ಸಮಾಧಾನ ಮಾಡಲು ನನಗೆ ಯಾವ ಮುಖವೂ ಇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವರು ಹೊರಗೆ ಬಂದರು. ಮುಖ ತೊಳೆದಿದ್ದರು. ನಾನು ಎದ್ದು ನಿಂತೆ. ಬೈಯುತ್ತಾರೆ, ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಹಾಗಂದರೆ ನನಗೂ ಹಗುರವಾಗುತ್ತಿತ್ತು.

"ನಿನಗೆ ನಿದ್ದೆ ಬರುತ್ತಾ?" ಅಂದರು.

"ಇಲ್ಲ ಸರ್."

"ನನಗೂ ಇಲ್ಲ." ಬಾಗಿಲ ತನಕ ಬಂದು ಅಂದರು, "ಆಗಾಗ ಬಾ. ಅವಳ ಕೊನೇ ಎರಡು ದಿನ ಗೊತ್ತಿರೋಳು ನೀನೊಬ್ಬಳೇ. ನನಗೆ ಗೊತ್ತಿರೋದು ಬರೀ ನಲ್ಲಿ ವಿಷಯ."

ಅಧ್ಯಯನ ಮುಗಿಯಿತು. ಎರಡು ದಾರಿಯಲ್ಲೂ ನೋವು ಸರಿಸುಮಾರು ಒಂದೇ ಥರ ಕಡಿಮೆಯಾಗುತ್ತದೆ, ಸ್ಕ್ಯಾನ್‌ನಲ್ಲಿ ಹೊತ್ತು ಕಡಿಮೆ, ಚುಚ್ಚುವುದೂ ಕಡಿಮೆ ಅಂತ ಬಂತು. ತೊಂಬತ್ತೇಳನೆಯ ಪೇಷಂಟಿನ ಅಂಕಿಗಳನ್ನು ನಂಬುವಂತಿಲ್ಲ, ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಅಂತ ಕೆಳಗೆ ಒಂದು ಸಾಲು. ಆ ಸಾಲನ್ನು ದೊಡ್ಡ ಡಾಕ್ಟರೇ ಬರೆದರಂತೆ. ತಮ್ಮ ಹೆಸರು ಹಾಕುವುದು ಬೇಡ ಅಂದರಂತೆ. ಚಿಕ್ಕ ಡಾಕ್ಟರಮ್ಮ ಅವರದು ಇಲ್ಲದೆ ತನ್ನದೂ ಬೇಡ ಅಂತ ಹಟ ಹಿಡಿದು ಹಾಕಿಸಿದಳು. ಆಸ್ಪತ್ರೆಗೆ ಅವರು ಮತ್ತೆ ಬರಲಿಲ್ಲ. ಯಾರು ಕರೆದರೂ, ಕೈ ನಡುಗುತ್ತದೆ ಅನ್ನುತ್ತಾರೆ. ನಾನು ನೋಡಿದ ಹಾಗೆ ಅವರ ಕೈ ನಡುಗುವುದಿಲ್ಲ.

ರಜೆಯಿರುವ ಪ್ರತಿ ವಾರ ಅವರ ಮನೆಗೆ ಹೋಗುತ್ತೇನೆ. ಟೀಚರ್ ವಿಷಯ ಮಾತಾಡುತ್ತೇವೆ. ಕ್ಲಾಸಿನಲ್ಲಿ ಅವರು ಸೀಮೆಸುಣ್ಣ ಎಸೆಯುತ್ತಿದ್ದದ್ದು, ಒಂದು ಸಲವೂ ಗುರಿ ತಪ್ಪುತ್ತಿರಲಿಲ್ಲ ಅನ್ನುವುದು ದೊಡ್ಡ ಡಾಕ್ಟರಿಗೆ ಗೊತ್ತಿರಲಿಲ್ಲ, ನಾನು ಹೇಳಿದೆ. ಬಹಳ ನಕ್ಕರು. ಪ್ರತಿ ಸಲವೂ ಆ ಬುಧವಾರ ಮಧ್ಯಾಹ್ನದ್ದನ್ನು ಮತ್ತೆ ಹೇಳಿಸಿಕೊಳ್ಳುತ್ತಾರೆ. ಅವಳು ಇನ್ನೇನಂದಳು, ಆಮೇಲೇನಂದಳು, ಮುಖ ಒರೆಸಿದಾಗ ಹಾಯೆನ್ನಿಸಿತಾ, ನನ್ನ ಹೆಸರು ಹಿಡಿದು ಏನಾದರೂ ಅಂದಳಾ ಅಂತ ಒಂದೊಂದೇ ಕೇಳುತ್ತಾರೆ. ನಾನು ಒಂದೊಂದಕ್ಕೂ ಇದ್ದದ್ದನ್ನು ಇದ್ದ ಹಾಗೆ ಉತ್ತರ ಹೇಳುತ್ತೇನೆ.

ನೀನ್ಯಾಕೆ ಬರೆದೆ ಅಂತ ಮಾತ್ರ ಅವರು ಇವತ್ತಿನವರೆಗೂ ನನ್ನನ್ನು ಕೇಳಿಲ್ಲ. ಪ್ರತಿ ಸಲ ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ, ಈ ಸಲ ಕೇಳುತ್ತಾರೆ ಅಂದುಕೊಂಡೇ ಹೋಗುತ್ತೇನೆ.